ಪಾಯಿಂಟಲ್ಲಿ ನಿಂತವನ ಅಟೆಂಡೆನ್ಸ್

1/5

ಫೋಟೋದಲ್ಲಿರೋದು ನಮ್ಮ ಕ್ಲಾಸಿನ ಒಬ್ಬನ ಮೊಣಕೈ. ಮುಖ ಹಾಕ್ಬೇಡ ಅಂದ, ಹಾಕಿಲ್ಲ. ತರಚಿದ್ದು ಹೋದ ಗುರುವಾರ, ಪಾಯಿಂಟಲ್ಲಿ ಡೈವ್ ಹೊಡೆದು ಬೌಂಡರಿಗೆ ಹೋಗ್ತಿದ್ದ ಬಾಲ್ ತಡೆದಾಗ. ಅದೇ ಗುರುವಾರ ನಮಗೆ ಕಾಸ್ಟ್ ಅಕೌಂಟಿಂಗ್ ಮತ್ತೆ ಇನ್‌ಕಮ್ ಟ್ಯಾಕ್ಸ್ ಕ್ಲಾಸ್ ಇತ್ತು. ಅವನ ಹೆಸರಿನ ಮುಂದೆ ಎರಡು ಆಬ್ಸೆಂಟ್. ಈಗ ಅವನ ಅಟೆಂಡೆನ್ಸ್ 68%. ಪರೀಕ್ಷೆಗೆ ಕೂರೋಕೆ 75 ಬೇಕು.

ಅವನು ಆಡೋದು ಕೆಎಸ್‌ಸಿಎ ಲೀಗಿನ ಕೆಳಗಿನ ಡಿವಿಷನ್ ಒಂದರಲ್ಲಿ. ಬ್ಯಾಟಿಂಗಲ್ಲಿ ಏಳನೇ ನಂಬರ್, ಬೌಲಿಂಗ್ ಮಾಡಲ್ಲ. ಫೀಲ್ಡಿಂಗೇ ಅವನ ಕಸುಬು. ಮ್ಯಾಚ್ ದಿನ ಬಸವೇಶ್ವರನಗರದಿಂದ ಬೆಳಿಗ್ಗೆ ಐದೂವರೆಗೆ ಕಿಟ್ ಬ್ಯಾಗ್ ಹೊತ್ಕೊಂಡು ಹೊರಡ್ತಾನೆ. ಅವರಪ್ಪ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಲ್ಲಿ ಲೇತ್ ಕೆಲಸ ಮಾಡ್ತಾರೆ. ಆಟ ಬಿಡು ಅಂತ ಅವರು ಯಾವತ್ತೂ ಹೇಳಿಲ್ಲ. "ಡಿಗ್ರಿ ಒಂದು ಕೈಲಿರ್ಲಿ ಮಗ" ಅಂತಾರೆ, ಅಷ್ಟೇ. ಈಗ ಆ ಒಂದೇ ಮಾತಿಗೂ ಕುತ್ತು ಬಂದಿದೆ.

2/5

ಈ ವಿಷಯ ಯಾರ ಮುಂದೆ ಎತ್ತಿದ್ರೂ ಎರಡು ಹೆಸರು ಬರುತ್ತೆ. "ದ್ರಾವಿಡ್ ಬಿಕಾಂ ಮಾಡ್ಲಿಲ್ವಾ? ಕುಂಬ್ಳೆ ಇಂಜಿನಿಯರಿಂಗ್ ಮಾಡ್ಲಿಲ್ವಾ?"

ಮಾಡಿದ್ರು, ನಿಜ. ಕುಂಬ್ಳೆ ಓದಿದ್ದು ನಮ್ಮ ಕಡೆಯ ಕಾಲೇಜಲ್ಲೇ. ಮೈಸೂರು ರೋಡಲ್ಲಿ ಕೆಂಗೇರಿಗಿಂತ ಮೊದ್ಲು ಸಿಗುತ್ತಲ್ಲ ಆರ್‌ವಿ, ಅಲ್ಲಿ ಮೆಕ್ಯಾನಿಕಲ್. ದ್ರಾವಿಡ್ ಸೇಂಟ್ ಜೋಸೆಫ್ ಕಾಮರ್ಸ್ ಕಾಲೇಜು. ಆದ್ರೆ ತಾರೀಖು ನೋಡಿ. ಕುಂಬ್ಳೆ 1990ರ ಆಗಸ್ಟಲ್ಲಿ ಮ್ಯಾಂಚೆಸ್ಟರಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ, ಇನ್ನೂ ಸ್ಟೂಡೆಂಟ್. ದ್ರಾವಿಡ್ 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಮೇಲೆ ಮೊದಲ ರಣಜಿ ಆಡಿ 82 ಹೊಡೆದಾಗ 18 ವರ್ಷ. ಅಂದ್ರೆ ಕಾಲೇಜಲ್ಲಿರುವಾಗ್ಲೇ ಒಬ್ರು ಇಂಡಿಯಾ, ಇನ್ನೊಬ್ರು ಕರ್ನಾಟಕ ಆಡಿಯಾಗಿತ್ತು. ಪೇಪರಲ್ಲಿ ಹೆಸರು ಬಂದ ಹುಡುಗನ್ನ ಯಾವ ಕಾಲೇಜೂ ಸುಮ್ನೆ ಬಿಟ್ಟುಕೊಡಲ್ಲ.

ಈಗ್ಲೂ ಹಂಗೇ ಇದೆ. ನಮ್ಮ ಕಾಲೇಜಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದ್ರೆ ಓಡಿ ಸಿಗುತ್ತೆ, ಸ್ಟೇಟ್ ಆಡಿದ್ರೆ ಓಡಿ ಜೊತೆ ಶಾಲು, ಹಾರ. ಕ್ಲಬ್ ಲೀಗ್ ಆಡಿದ್ರೆ ಏನೂ ಇಲ್ಲ. ದುಡ್ಡಿನ ಕಥೆನೂ ಅದೇ. 2021ರಲ್ಲಿ ಬಿಸಿಸಿಐ ಏರಿಸಿದ ಲೆಕ್ಕದಲ್ಲಿ ಹೊಸದಾಗಿ ರಣಜಿ ಆಡೋನಿಗೂ ದಿನಕ್ಕೆ ₹40,000. ಅದರ ಕೆಳಗಿರೋ ನಮ್ಮ ಹುಡ್ಗ ಶೂ ಅಂಟಿಸಿಕೊಂಡು ಆಡ್ತಿದಾನೆ. ರಣಜಿಗೆ ಹೋಗೋ ದಾರಿ ಇದೇ ಲೀಗಿಂದ ಅಲ್ವಾ? ಮೇಲೆ ತಲುಪಿದವನಿಗೆ ರಿಯಾಯಿತಿ, ಹತ್ತುತ್ತಾ ಇರೋನಿಗೆ ಷೋಕಾಸ್. ನನ್ನ ಜಗಳ ಇದರ ಜೊತೆ.

ಇನ್ನೊಂದು ಮಾತು. ದ್ರಾವಿಡ್ ಆ 82 ಆದ್ಮೇಲೆ ಲಾರ್ಡ್ಸ್‌ನಲ್ಲಿ 95 ಹೊಡೆದದ್ದು 1996ರ ಜೂನಲ್ಲಿ. ನಡುವೆ ಐದು ವರ್ಷಕ್ಕೂ ಜಾಸ್ತಿ. ಅಂಥವರಿಗೇ ಅಷ್ಟು ಕಾಯ್ಬೇಕಾಯ್ತು. ನಮ್ಮವನಿಗೆ ಒಂದು ಸೆಮ್ ಕೊಡೋಕೆ ನಮಗೆ ಹೊಟ್ಟೆ ಉರಿ.

3/5

ಇದು ಅವನ ಫೋಟೋ ಅಲ್ಲ, ನನ್ನ ಫೋನಿನ ಸ್ಕ್ರೀನ್‌ಶಾಟ್. ರಾತ್ರಿ ರೀಲ್ಸ್ ನೋಡ್ತಾ ಅಮೆರಿಕದ ಒಬ್ಬ ಕಾಲೇಜ್ ಬೇಸ್‌ಬಾಲ್ ಹುಡುಗನ ವಿಡಿಯೋ ಬಂತು. ಶಾರ್ಟ್‌ಸ್ಟಾಪ್. ಅಂದ್ರೆ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು, ನೆಲಕ್ಕೆ ಬಡಿದು ಬರೋ ಬಾಲ್ ಹಿಡಿದು ಎಸೆಯೋನು. ನಮ್ಮ ಪಾಯಿಂಟ್ ಕವರ್ ಥರ. ಅಲ್ಲಿಂದ ಎರಡು ದಿನ ನಾನು ಅದನ್ನೇ ಓದಿದ್ದು. ಇಂಟರ್ನಲ್ಸ್‌ಗೆ ಓದಿಲ್ಲ, ಅದು ಬೇರೆ ವಿಷಯ.

ಅಲ್ಲಿ ಮೂರನೇ ವರ್ಷ ಮುಗಿಸಿದ ಅಥವಾ 21 ತುಂಬಿದ ಕಾಲೇಜ್ ಆಟಗಾರನ್ನ ಡ್ರಾಫ್ಟಲ್ಲಿ ತಗೋಬಹುದು. ಈಗ 20 ರೌಂಡ್. ತಗೊಂಡ ತಕ್ಷಣ ಟಿವಿಲಿ ಬರಲ್ಲ. ಮೈನರ್ ಲೀಗಿಗೆ ಕಳಿಸ್ತಾರೆ. ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಅಂತ ಮೆಟ್ಟಿಲು. ತುಂಬಾ ಜನ ಮಧ್ಯದಲ್ಲೇ ಇಳಿದುಬಿಡ್ತಾರೆ. ಆದ್ರೆ ಓದು ಬಿಟ್ಟು ಹೋದವನು ಆಮೇಲೆ ವಾಪಸ್ ಬಂದು ಡಿಗ್ರಿ ಮುಗಿಸೋಕೆ ಬೇಕಾದ ದುಡ್ಡನ್ನ ಕಾಂಟ್ರ್ಯಾಕ್ಟಲ್ಲೇ ಬರೆಸಿಕೊಳ್ಳಬಹುದು. ಇದು ಓದಿ ನಾನು ಎದ್ದು ಕೂತೆ.

ಅಮೆರಿಕ ಸ್ವರ್ಗ ಅಂತಿಲ್ಲ. ಮೈನರ್ ಲೀಗ್ ಸಂಬಳ ತುಂಬಾ ವರ್ಷ ಹೀನಾಯವಾಗಿತ್ತು. 2022ರಲ್ಲಿ ಆಟಗಾರರು ಯೂನಿಯನ್ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ ಸಿಂಗಲ್-ಎ ಹುಡುಗನ ಕನಿಷ್ಠ ಸಂಬಳ ವರ್ಷಕ್ಕೆ 11,000 ಡಾಲರಿಂದ 26,200ಕ್ಕೆ ಏರಿತು. ಜಗಳ ಆಡಿದ್ಮೇಲೇ ಸಿಕ್ಕಿದ್ದು.

ನಂಗೆ ಜಾಸ್ತಿ ಹಿಡಿಸಿದ್ದು ಅವರ ಸ್ಕೋರ್ ಶೀಟ್. ಫೀಲ್ಡರ್ ಹಿಡಿದ ಔಟ್, ಎಸೆದು ಮಾಡಿಸಿದ ಔಟ್, ಮಾಡಿದ ತಪ್ಪು, ಎಲ್ಲ ಅವನ ಹೆಸರಿಗೇ ಬೀಳುತ್ತೆ. ಬ್ಯಾಟ್ ಸಾಧಾರಣ ಇದ್ರೂ ಕೈ ಒಳ್ಳೇದು ಅಂತ ಕಾಗದದಲ್ಲೇ ತೋರಿಸಬಹುದು.

4/5

ನಮ್ಮ ಲೀಗ್ ಸ್ಕೋರ್‌ಬುಕ್ಕಲ್ಲಿ ಕ್ಯಾಚ್ ಇದೆ, ರನೌಟ್ ಇದೆ. ತಡೆದ ಬೌಂಡರಿ ಎಲ್ಲಿದೆ? ಬಿಕಾಂ ಮೊದಲ ಸೆಮ್ ನೆನಪಿದ್ಯಾ, ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್? ದುಡ್ಡಲ್ಲಿ ಅಳೆಯೋಕಾಗದ್ದು ಲೆಕ್ಕಪುಸ್ತಕಕ್ಕೆ ಬರಲ್ಲ. ಹಂಗೆ ಇದು. ಅವನು 12 ರನ್ ಉಳಿಸಿ 9 ಹೊಡೆದ್ರೆ, ಸೆಲೆಕ್ಟರ್ ಕಣ್ಣಿಗೆ ಬೀಳೋದು ಆ 9 ಮಾತ್ರ. ದ್ರಾವಿಡ್ ಟೆಸ್ಟಲ್ಲಿ 210 ಕ್ಯಾಚ್ ಹಿಡಿದ್ರು, ಆದ್ರೆ ಅವರನ್ನ ಟೀಮಿಗೆ ತಗೊಂಡಿದ್ದು ರನ್ ನೋಡಿ. ಫೀಲ್ಡಿಂಗಿಗೇ ಮ್ಯಾನ್ ಆಫ್ ದ ಮ್ಯಾಚ್ ಅಂದ್ರೆ ಎಲ್ಲರೂ ಇವತ್ತಿಗೂ 1993ಕ್ಕೇ ಹೋಗ್ತಾರೆ, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ಮೇಲೆ ಐದು ಕ್ಯಾಚ್ ಹಿಡಿದ ಜಾಂಟಿ ರೋಡ್ಸ್.

2008ರಲ್ಲಿ ನಮ್ಮ ದೇಶದಿಂದ ಇಬ್ರು ಬೇಸ್‌ಬಾಲಿಗೆ ಹೋದ್ರು, ರಿಂಕು ಸಿಂಗ್ (ಕೆಕೆಆರ್ ರಿಂಕು ಅಲ್ಲ ಗುರು, ಇವರು ಬೇರೆ) ಮತ್ತೆ ದಿನೇಶ್ ಪಟೇಲ್. ಇಬ್ರೂ ಜಾವೆಲಿನ್ ಹುಡುಗರು. ಒಂದು ಸ್ಪರ್ಧೆಯಲ್ಲಿ ಆರಿಸಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನ ಸೈನ್ ಮಾಡ್ತು. ಅವರಿಗೆ ದಾರಿ ಸಿಕ್ಕಿದ್ದು ಹೇಗೆ? ಎಸೆತದ ವೇಗ ಅಳೆಯೋಕೆ ಸ್ಪೀಡ್ ಗನ್ ಇತ್ತು. ಪಾಯಿಂಟಲ್ಲಿ ಎರಡು ಹೆಜ್ಜೆ ಮೊದಲೇ ಹೊರಡೋನನ್ನ ಅಳೆಯೋ ಗನ್ ಎಲ್ಲಿದೆ?

ಅದಕ್ಕೆ ನಾನೇ ಒಂದು ಲೆಡ್ಜರ್ ಶುರು ಮಾಡಿದೀನಿ. ಈ ಫೋಟೋ ಅದರದ್ದೇ. ವಿಜಯನಗರದಲ್ಲಿ ತಗೊಂಡ ಉದ್ದ ನೋಟ್‌ಬುಕ್, ಎಡಕ್ಕೆ ಬಿಟ್ಟ ರನ್, ಬಲಕ್ಕೆ ಉಳಿಸಿದ ರನ್. ಬೌಂಡರಿ ತಡೆದು ಒಂದು ರನ್ ಓಡಿದ್ರೆ ಮೂರು ಕ್ರೆಡಿಟ್. ಮಿಸ್‌ಫೀಲ್ಡ್ ಡೆಬಿಟ್. ಇಲ್ಲೂ ಅನುಮಾನ ಬರುತ್ತೆ, ಬ್ಯಾಟ್ಸ್‌ಮನ್ ಇವನ ಕೈ ನೋಡಿ ಓಡದೇ ನಿಂತ್ರೆ ಅದನ್ನ ಎಲ್ಲಿ ಬರೀಲಿ? ಸದ್ಯಕ್ಕೆ ಪೆನ್ಸಿಲಲ್ಲಿ ಬರೀತಿದೀನಿ. ಮೊದಲ ಮ್ಯಾಚಲ್ಲಿ ಬ್ಯಾಲೆನ್ಸ್ 11 ಕ್ರೆಡಿಟ್. ಅವನು ಅದನ್ನ ನೋಡಿ ಏನೂ ಮಾತಾಡ್ಲಿಲ್ಲ. ಆಮೇಲೆ ಮೆಟ್ರೋದಲ್ಲಿ, "ಆ ಥರ್ಡ್‌ಮ್ಯಾನ್ ಕಡೆ ಬಿಟ್ಟಿದ್ದು ನಂದಲ್ಲ, ಡೆಬಿಟ್ ತೆಗಿ" ಅಂದ. ತೆಗೆದಿಲ್ಲ.

5/5

ನಮ್ಮ ಮೇಡಂ ಹೇಳಿದ್ದನ್ನೂ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ. "ಇವನಿಗೆ ಕೊಟ್ರೆ ನಾಳೆ ಐವತ್ತು ಜನ ಯಾವ್ದೋ ಕ್ಲಬ್ಬಿನ ಲೆಟರ್ ತರ್ತಾರೆ." ತರ್ತಾರೆ, ಸಂಶಯಾನೇ ಇಲ್ಲ. ಹೋದ ವರ್ಷ ಫೆಸ್ಟ್ ಹೆಸರಲ್ಲಿ ಓಡಿ ಹಾಕಿಸ್ಕೊಂಡು ಸಿನಿಮಾಗೆ ಹೋದೋರಲ್ಲಿ ನಾನೂ ಇದ್ದೆ. ನಮ್ಮಂಥೋರಿಂದಾನೇ ಅವನ ಲೆಟರಿಗೆ ಬೆಲೆ ಇಲ್ಲ. ಆದ್ರೆ ಲೀಗ್ ಮ್ಯಾಚಿಗೆ ಸ್ಕೋರ್ ಶೀಟ್ ಇರುತ್ತೆ, ಹನ್ನೊಂದು ಹೆಸರಿರುತ್ತೆ, ಅಂಪೈರ್ ಇರ್ತಾರೆ. ಲೆಟರ್ ಬೇಡ, ಶೀಟ್ ಕೇಳಿ. ಆ ದಿನ ಆ ಹನ್ನೊಂದರಲ್ಲಿ ಹೆಸರಿದ್ರೆ ಓಡಿ, ಇಲ್ಲಾಂದ್ರೆ ಆಬ್ಸೆಂಟ್.

ಎರಡನೇದು, ನಾವೆಲ್ಲ ಎಬಿಸಿ ಐಡಿ ಮಾಡಿಸ್ಕೊಂಡ್ವಲ್ಲ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರಲ್ಲಿ ಯುಜಿಸಿ ತಂದಿದ್ದು. ಕ್ರೆಡಿಟ್ ಕೂಡಿಟ್ಟು, ಬಿಟ್ಟು, ವಾಪಸ್ ಬಂದು ಮುಂದುವರಿಸ್ಲಿ ಅಂತಾನೇ ಅದು ಇರೋದು. ನಂಬರ್ ಫಾರಂ ಮೇಲೆ ಬರೆಯೋಕೆ ಮಾತ್ರ ಬಳಸ್ತಿದೀವಿ. ಸೀಸನ್ ಇರೋ ಸೆಮಲ್ಲಿ ಅವನು ಮೂರೇ ಪೇಪರ್ ತಗೊಂಡು, ಉಳಿದದ್ದನ್ನ ಆಮೇಲೆ ಬರೆದ್ರೆ ಯಾರ ಗಂಟು ಹೋಗುತ್ತೆ? ಮೂರು ವರ್ಷದ ಬಿಕಾಂ ನಾಲ್ಕಾಗುತ್ತೆ. ಅವರಪ್ಪನಿಗೆ ಬೇಕಿರೋ ಕಾಗದ ಕೈಗೆ ಸಿಗುತ್ತೆ.

ಅವನು ಸ್ಟೇಟ್ ಆಡ್ತಾನಾ? ಮಹಾರಾಜ ಟ್ರೋಫಿಯ ಆರು ಟೀಮಲ್ಲಿ ಒಂದಕ್ಕಾದ್ರೂ ಹೋಗ್ತಾನಾ? ಬಹುಶಃ ಇಲ್ಲ. ಅವನಿಗೇ ಇದನ್ನ ಹೇಳಿದೀನಿ, ಬೈಸ್ಕೊಂಡಿದೀನಿ. ಆದ್ರೆ ಆಗಲ್ಲ ಅಂತ ಅವನಿಗೆ ಮೈದಾನ ಹೇಳ್ಲಿ, ಹಾಜರಿ ಪುಸ್ತಕ ಯಾಕೆ ಹೇಳ್ಬೇಕು?

ಸೋಮವಾರ ಮೂರು ಗಂಟೆಗೆ ಎಚ್‌ಒಡಿ ಬರೋಕೆ ಹೇಳಿದಾರೆ. ಸ್ಕೋರ್ ಶೀಟ್ ಜೆರಾಕ್ಸ್ ಆಗಿದೆ, ಅರ್ಜಿಗೆ ಕ್ಲಾಸಿನ 31 ಜನ ಸೈನ್ ಹಾಕಿದಾರೆ. ಬಿ ಸೆಕ್ಷನ್ನೋರು ಇನ್ನೂ ಹಾಕಿಲ್ಲ. ಪೇಪರ್ ನನ್ನ ಹತ್ರಾನೇ ಇದೆ, ಲಂಚಲ್ಲಿ ಕ್ಯಾಂಟೀನ್ ಹಿಂದಿನ ಮೆಟ್ಟಿಲ ಮೇಲೆ ಸಿಗ್ತೀನಿ. ಪೆನ್ ತನ್ನಿ.