ಗಡಿನಾಡಿನ ಆಂಬುಲೆನ್ಸೂ ವಿದ್ಯಾರ್ಥಿಯ ವಿವೇಕವೂ

ಒಂದು ರೋಗಕ್ಕೆ ಒಂದು ಲಕ್ಷಣ, ಒಂದು ಲಕ್ಷಣಕ್ಕೆ ಒಂದು ಚಿಕಿತ್ಸೆ ಎಂಬ ಕ್ರಮದಲ್ಲಿ ಪ್ಯಾರಾಮೆಡಿಕ್ ಪಾಠವನ್ನೋದಿ ಉತ್ತೀರ್ಣನಾದ ತರುಣನೊಬ್ಬನು, ತೆಲಂಗಾಣದ ಗಡಿಯಲ್ಲಿರುವ ನಾರಾಯಣಖೇಡದ ಸೀಮೆಯ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ೧೦೮ ವಾಹನದಿಂದಿಳಿದು, ಮಾತು ತೊದಲುತ್ತ, ರೆಪ್ಪೆ ಜೋತುಬಿದ್ದು ಮಲಗಿರುವ ಎಪ್ಪತ್ತರ ವೃದ್ಧೆಯನ್ನು ಕಂಡನೆನ್ನಿ. ಲಕ್ವ ಹೊಡೆದಿದೆಯೆಂದು ಮನೆಯವರು ಆಗಲೇ ನಿರ್ಣಯಿಸಿದ್ದಾರೆ. ಅದು ನಿಜವೂ ಇರಬಹುದು. ಆದರೆ ಉಣ್ಣದೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ನುಂಗಿ ಮಲಗಿದವಳ ರಕ್ತದಲ್ಲಿ ಸಕ್ಕರೆ ಕುಸಿದಾಗಲೂ ಮಾತು ಹೀಗೆಯೇ ತೊದಲುತ್ತದೆ. ನೆಲದ ಮೇಲೆ ಮಲಗಿದ್ದವಳನ್ನು ಕಟ್ಟುಹಾವು ಹೆಚ್ಚಿನ ನೋವನ್ನೂ ಗುರುತನ್ನೂ ಉಳಿಸದೆ ಕಚ್ಚಿದ್ದರೂ ರೆಪ್ಪೆ ಹೀಗೆಯೇ ಜೋಲುತ್ತದೆ.

ಬೆರಳ ತುದಿಯ ಒಂದು ತೊಟ್ಟು ರಕ್ತ ಸಕ್ಕರೆಯ ಸಂಶಯವನ್ನು ಒಡನೆಯೇ ನೀಗಿಸುತ್ತದೆ. ಗ್ಲೂಕೋಸು ಏರಿಸಿದ ಮೇಲೆ ಅಜ್ಜಿ ಎದ್ದು ಕುಳಿತು ಮೊಮ್ಮಕ್ಕಳನ್ನು ಗದರಿಸತೊಡಗಿದರೆ, ಇನ್ನು ಆಸ್ಪತ್ರೆಯೇಕೆಂದು ಮನೆಯವರು ಕೇಳುವುದು ಸಹಜ. ವಿದ್ಯಾರ್ಥಿಯ ನಿಜವಾದ ಪರೀಕ್ಷೆ ಮೊದಲಾಗುವುದು ಆಗ. ಆಕೆ ನುಂಗುತ್ತಿರುವುದು ಗ್ಲಿಬೆನ್‌ಕ್ಲಮೈಡೋ ಗ್ಲಿಮೆಪಿರೈಡೋ ಆಗಿದ್ದು, ಮೂತ್ರಪಿಂಡಗಳೂ ದುರ್ಬಲವಾಗಿದ್ದರೆ, ಔಷಧದ ಪ್ರಭಾವ ದೇಹದಲ್ಲಿ ಬಹಳ ಹೊತ್ತು ಉಳಿದು, ಆಂಬುಲೆನ್ಸು ಹಿಂದಿರುಗಿದ ಕೆಲವೇ ಗಂಟೆಗಳಲ್ಲಿ ಸಕ್ಕರೆ ಮತ್ತೆ ಕುಸಿಯಬಲ್ಲದು. ಬಿ.ಪಿ.ಗೆಂದು ಅಟೆನಲಾಲ್‌ನಂತಹ ಗುಳಿಗೆಯೂ ಸೇರಿದ್ದರೆ, ಅಪಾಯವನ್ನು ಮುಂಚಿತವಾಗಿ ಸಾರತಕ್ಕ ಎದೆಬಡಿತ ನಡುಕಗಳು ಅಡಗಿಹೋಗುತ್ತವೆ. ಆದಕಾರಣ ಗುಳಿಗೆಗಳ ಚೀಲವನ್ನು ತರಿಸಿ ನೋಡುವುದು ನಾಡಿ ಹಿಡಿಯುವಷ್ಟೇ ಮುಖ್ಯವಾದ ಕರ್ಮವೆಂದು ಕಲಿಸತಕ್ಕದ್ದು.

ಈ ಸೀಮೆಯಲ್ಲಿ ರೋಗಿಯ ವೃತ್ತಾಂತವನ್ನು ಕೇಳಿ ತಿಳಿಯುವುದು ಸುಲಭವಲ್ಲ. ಜಹೀರಾಬಾದು, ನಾರಾಯಣಖೇಡಗಳು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಕಂದಾಯದ ದಫ್ತರುಗಳು ವರ್ಗವಾದವು, ಮನೆಮಾತುಗಳು ಆಗಲಿಲ್ಲ. ಮಗ ತೆಲುಗಿನಲ್ಲಿ ಓದಿದವನು, ಸಂತೆಯ ವ್ಯವಹಾರಕ್ಕೆ ದಖನಿ ಬಲ್ಲವನು. ತಾಯಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ವೃತ್ತಾಂತ ತಿಳಿಯದಿದ್ದರೆ ಚಿಕಿತ್ಸೆಯೂ ತಪ್ಪೀತು. ತಾಂಡೂರಿನಲ್ಲಿ ಹಾಸುಗಲ್ಲು ಕೊಯ್ದು ವರ್ಷಗಟ್ಟಲೆ ಧೂಳು ಕುಡಿದವನಿಗೆ ಉಬ್ಬಸವೆದ್ದಾಗ, ಇಂಗಾಲಾಮ್ಲವನ್ನು ಹೊರಹಾಕಲಾರದಷ್ಟು ಶ್ವಾಸಕೋಶ ಜೀರ್ಣವಾಗಿದ್ದರೆ, ಆಮ್ಲಜನಕವನ್ನು ಧಾರಾಳವಾಗಿ ಹರಿಸುವುದೇ ಅಪಾಯ. ರಕ್ತದಲ್ಲಿ ಅದರ ಪ್ರಮಾಣ ಶೇಕಡ ೮೮ರಿಂದ ೯೨ರೊಳಗೆ ನಿಲ್ಲುವಂತೆ ಅಳೆದು ಕೊಡಬೇಕಾಗುತ್ತದೆ. ಅಲ್ಪ್ರಜೋಲಾಂ ಬೆರೆಸಿದ ಕಲಬೆರಕೆ ಸೇಂದಿಗೆ ಒಗ್ಗಿದವನಿಗೆ ಅದು ಹಠಾತ್ತನೆ ತಪ್ಪಿದಾಗ ಬರುವ ಫಿಟ್ಸನ್ನು, ಸೇಂದಿಯ ವಿಷಯವನ್ನು ಕೇಳದೆ ಅರ್ಥಮಾಡಿಕೊಳ್ಳುವುದು ಹೇಗೆ?

ಶಿಕ್ಷಣವೇ ಇಲ್ಲವೆಂದರೆ ಅನ್ಯಾಯವಾದೀತು. ೧೦೮ರ ಸೇವೆ ೨೦೦೫ರ ಆಗಸ್ಟ್ ೧೫ರಂದು ಪ್ರಾರಂಭವಾದದ್ದೇ ಹೈದರಾಬಾದಿನಲ್ಲಿ. ಅದನ್ನು ನಡೆಸಿದ ಇ.ಎಂ.ಆರ್.ಐ. ಸಂಸ್ಥೆ ೨೦೦೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಯೋಗದಿಂದ ಪ್ಯಾರಾಮೆಡಿಕ್ ಶಿಕ್ಷಣಕ್ಕೂ ಕೈಹಾಕಿತು. ಆರೋಗ್ಯಸಂಬಂಧಿ ವೃತ್ತಿಗಳ ೨೦೨೧ರ ಕೇಂದ್ರ ಕಾಯಿದೆ ಈ ಕಸುಬಿಗೆ ಶಾಸನದ ಮನ್ನಣೆಯನ್ನಿತ್ತಿದೆ. ನನ್ನ ಆಕ್ಷೇಪ ರಬ್ಬರಿನ ಬೊಂಬೆಯ ಮೇಲಿನ ಅತಿಯಾದ ಭರವಸೆಯನ್ನು ಕುರಿತದ್ದು. ಎದೆಯೊತ್ತುವ ವಿಧಾನವನ್ನು ಕಲಿಯಲು ಬೊಂಬೆ ಬೇಕೇ ಬೇಕು. ಆದರೆ ಬೊಂಬೆಗೆ ಮೂತ್ರಪಿಂಡ ಕೆಟ್ಟಿರುವುದಿಲ್ಲ, ಗುಳಿಗೆ ತಪ್ಪಿಸಿದ್ದನ್ನು ಬಚ್ಚಿಡುವ ಮಗನೂ ಇರುವುದಿಲ್ಲ.

ಈ ಶಿಕ್ಷಣಕ್ಕೆ ಯಾರನ್ನು ಆರಿಸಬೇಕೆಂಬುದಕ್ಕೂ ಒಂದು ನಿದರ್ಶನವಿದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ೧೯೬೭ರಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಹುಟ್ಟಿದಾಗ, ವೈದ್ಯ ಪೀಟರ್ ಸಫರ್ ರೂಪಿಸಿದ ಶಿಕ್ಷಣಕ್ರಮಕ್ಕೆ ಸೇರಿಸಿಕೊಂಡದ್ದು ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪುವರ್ಣೀಯರನ್ನು. ಅವರಲ್ಲಿ ಅನೇಕರು ನಿರುದ್ಯೋಗಿಗಳು. ತಾವು ಬೆಳೆದ ಬೀದಿಗಳಲ್ಲಿಯೇ ಸೇವೆಗಿಳಿದ ಅವರು ಆ ದೇಶದ ಪ್ಯಾರಾಮೆಡಿಕ್ ಕಸುಬಿಗೆ ಮೇಲ್ಪಂಕ್ತಿಯಾದರು. ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿಯೂ ಕನ್ನಡ, ತೆಲುಗು, ದಖನಿಗಳನ್ನು ಆಡುತ್ತಲೇ ಬೆಳೆದ ತರುಣ ತರುಣಿಯರಿದ್ದಾರೆ. ಅವರನ್ನೇಕೆ ಮೊದಲು ಆರಿಸಬಾರದು?

ಸಂಗಾರೆಡ್ಡಿಯಲ್ಲಿ ೨೦೨೨ರಲ್ಲಿ, ವಿಕಾರಾಬಾದಿನಲ್ಲಿ ೨೦೨೩ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ತೆರೆದಿರುವುದರಿಂದ ಬೋಧಕರು ಈಗ ದೂರದಲ್ಲಿಲ್ಲ. ವಿದ್ಯಾರ್ಥಿಗಳು ನಮ್ಮ ಮೂರು ಊರುಗಳ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡಲಿ. ತಾವು ಒಯ್ದು ಸೇರಿಸಿದ ರೋಗಿಗೆ ವೈದ್ಯರು ಕಡೆಗೆ ಯಾವ ರೋಗವೆಂದು ನಿಶ್ಚಯಿಸಿದರೆಂಬುದನ್ನು ಮರುದಿನ ತಿಳಿದು, ತಮ್ಮ ಊಹೆಯ ಪಕ್ಕದಲ್ಲಿ ಬರೆದಿಡಲಿ. ಯಾವ ಆಸ್ಪತ್ರೆಗೆ ಒಯ್ಯಬೇಕೆಂಬ ಪ್ರಶ್ನೆಯೊಂದು ಉಳಿಯಿತು. ಜಹೀರಾಬಾದಿನಿಂದ ಬೀದರಿಗೆ ಸುಮಾರು ೩೦ ಕಿಲೋಮೀಟರು, ಹೈದರಾಬಾದಿಗೆ ಅದರ ಮೂರು ಪಟ್ಟಿಗೂ ಮಿಗಿಲು. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ನಡುವೆ ರಾಜ್ಯದ ಗಡಿಯೂ ಇದೆ. ಯಾವ ರೋಗಿಯನ್ನು ಯಾವಾಗ ಗಡಿ ದಾಟಿಸಬಹುದು, ಆ ಕಡೆಯಲ್ಲಿ ಅವನನ್ನು ಯಾರು ಸ್ವೀಕರಿಸತಕ್ಕದ್ದು ಎಂಬುದನ್ನು ಎರಡೂ ಸರ್ಕಾರಗಳ ಆರೋಗ್ಯ ಇಲಾಖೆಗಳು ಒಂದೆಡೆ ಕುಳಿತು ಲಿಖಿತವಾಗಿ ನಿರ್ಣಯಿಸಿ, ಆ ಪತ್ರವನ್ನೇ ಪಾಠವಾಗಿ ವಿದ್ಯಾರ್ಥಿಯ ಕೈಗೆ ಕೊಡಬೇಕು. ನಡುರಾತ್ರಿಯಲ್ಲಿ ಚಾಲಕನೊಡನೆ ಚರ್ಚಿಸಿ ತೀರ್ಮಾನಿಸುವ ಹೊರೆಯನ್ನು ಅವನ ಮೇಲೆ ಹೊರಿಸಬಾರದು.