ಕಾಲು ಚಾಚಲು ಹಾಸಿಗೆ ಎಲ್ಲಿದೆ?

ನಮ್ಮ ಊರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವ ಇಬ್ಬರು ತರುಣರು ಈಚೆಗೆ ಕೊಡಚಾದ್ರಿ ಹತ್ತಲು ಹೋಗಿದ್ದರು. ಎರಡು ದಿನದ ರಜೆ, ಬೆನ್ನಿಗೊಂದು ಚೀಲ, ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ. ಶನಿವಾರ ಸಂಜೆ ಬೆಟ್ಟದ ಬುಡದ ಹಳ್ಳಿಯಲ್ಲಿ ಬಸ್ಸಿನಿಂದ ಇಳಿದು ರಾತ್ರಿ ಮಲಗಲು ಜಾಗ ವಿಚಾರಿಸಿದರು. ಮೊದಲನೆಯ ಕಡೆ ತಲೆಗೆ ಎರಡೂವರೆ ಸಾವಿರ ರೂಪಾಯಿ ಎಂದರು. "ನಮಗೆ ಊಟ ಬೇಡ ಅಣ್ಣ, ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತೇವೆ, ಅದಕ್ಕೆ ಎಷ್ಟು ಹೇಳಿ" ಎಂದು ಕೇಳಿದ್ದಕ್ಕೆ, "ಇಲ್ಲಿ ಪ್ಯಾಕೇಜು ಮಾತ್ರ, ಬರಿಯ ಜಾಗ ಕೊಡುವುದಿಲ್ಲ" ಎಂಬ ಉತ್ತರ ಬಂತು. ಎರಡನೆಯ ಕಡೆ ದರ ಸ್ವಲ್ಪ ಕಡಿಮೆಯಿತ್ತು. ಆದರೆ ಅಂಗಳದಲ್ಲಿ ಬೆಂಕಿ ಹಾಕಿ, ಧ್ವನಿವರ್ಧಕ ಹಚ್ಚಿ, ಮಧ್ಯರಾತ್ರಿಯವರೆಗೆ ಕುಣಿಯುವ ಏರ್ಪಾಡು ನಡೆದಿತ್ತು. ಕೊನೆಗೆ ಇಬ್ಬರೂ ಬಸ್ಸು ಕಾಯುವ ತಂಗುದಾಣದ ಕಲ್ಲುಬೆಂಚಿನ ಮೇಲೆ ರಾತ್ರಿ ಕಳೆದು, ಬೆಳಕು ಹರಿಯುವ ಮೊದಲೇ ಬೆಟ್ಟದ ದಾರಿ ಹಿಡಿದರು. ಹಿಂದಿರುಗಿ ಬಂದವರು ನಮ್ಮ ಕಚೇರಿಯಲ್ಲಿ ಕುಳಿತು ಹೇಳಿದ ಮಾತು ಇದು: "ಬೆಟ್ಟ ಹತ್ತಿದ್ದು ಕಷ್ಟವಾಗಲಿಲ್ಲ ಸಾರ್, ಮಲಗಿದ್ದೇ ಕಷ್ಟವಾಯಿತು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಬುದ್ಧಿ ಹೇಳಿದರು. ಒಳ್ಳೆಯ ಬುದ್ಧಿಯೇ. ಆದರೆ ಸಾವಿರಾರು ರೂಪಾಯಿ ಕೊಡಲಾರದವನಿಗೆ ಮಲೆನಾಡಿನ ಬೆಟ್ಟದ ಬುಡದಲ್ಲಿ ಹಾಸಿಗೆಯೇ ಇಲ್ಲದಿರುವಾಗ ಅವನು ಕಾಲು ಚಾಚುವುದು ಎಲ್ಲಿ?

ಕೂಲಿ, ಭೂಮಿ, ಬೆಲೆಯೇರಿಕೆಗಳ ಪ್ರಶ್ನೆಗಳಿರುವಾಗ ಬೆಟ್ಟ ಹತ್ತುವವರ ಮಂಚದ ಮಾತು ಈ ಅಂಕಣಕ್ಕೆ ಏಕೆ ಎಂದು ಕೆಲವು ವಾಚಕರು ಕೇಳಬಹುದು. ವಿಶ್ರಾಂತಿಯೂ ದುಡಿಮೆಯ ಒಂದು ಭಾಗ ಎಂಬುದೇ ನಮ್ಮ ಉತ್ತರ. 1948ರ ಕಾರ್ಖಾನೆಗಳ ಕಾಯಿದೆ 20 ದಿನಗಳ ದುಡಿಮೆಗೆ 1 ದಿನದ ಸಂಬಳಸಹಿತ ರಜೆ ಎಂದು ಲೆಕ್ಕ ಹಾಕಿಕೊಟ್ಟಿತು. ಅದೇ ವರ್ಷ ವಿಶ್ವಸಂಸ್ಥೆ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿಶ್ರಾಂತಿ, ವಿರಾಮ, ಸಂಬಳಸಹಿತ ರಜೆಗಳನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರಿತು. ಕಾಗದದ ಮೇಲೆ ರಜೆ ಕೊಟ್ಟು, ಆ ರಜೆಯನ್ನು ಕಳೆಯಲು ಊರ ಹೊರಗೆ ಒಂದು ಸೂರನ್ನೂ ಕೊಡದಿದ್ದರೆ, ಅದು ಎಲೆ ಹಾಕಿ ಅನ್ನ ಬಡಿಸದಂತೆ. ಹಣವಂತ ತನ್ನ ವಿಶ್ರಾಂತಿಯನ್ನು ಕೊಂಡುಕೊಳ್ಳಬಲ್ಲ. ಗುಮಾಸ್ತೆ, ಶಾಲಾ ಶಿಕ್ಷಕಿ, ಗಾರ್ಮೆಂಟ್ಸ್ ಹೆಣ್ಣುಮಗಳು, ಆಟೋ ಚಾಲಕ ಇವರು ಕೊಂಡುಕೊಳ್ಳಲಾರರು. ಇವರ ಪಾಲಿಗೆ ಬೆಟ್ಟದ ಗಾಳಿಯೊಂದೇ ಧರ್ಮಕ್ಕೆ ಸಿಗತಕ್ಕ ಸುಖ. ಆ ಗಾಳಿಯ ದಾರಿಯಲ್ಲಿಯೇ ಈಗ ಸುಂಕದ ಕಟ್ಟೆ ಎದ್ದಿದೆ.

ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಉತ್ತರ ಕಂಡುಕೊಂಡ ದುಡಿಮೆಗಾರರ ಚರಿತ್ರೆಯೂ ಉಂಟು. 1895ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಗೇಯೊರ್ಗ್ ಶ್ಮೀಡ್ಲ್ ಎಂಬ ಶಾಲಾ ಉಪಾಧ್ಯಾಯ ಕಾರ್ಮಿಕರ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಕೊಟ್ಟ: ನಿಸರ್ಗಪ್ರಿಯರು ಬೇಕಾಗಿದ್ದಾರೆ ಎಂಬುದು ಅದರ ತಾತ್ಪರ್ಯ. ಅಲೋಯಿಸ್ ರೋರಾವರ್ ಎಂಬ ಕಮ್ಮಾರ, ಕಾರ್ಲ್ ರೆನ್ನರ್ ಎಂಬ ವಿದ್ಯಾರ್ಥಿ ಅವನ ಜೊತೆಗೂಡಿದರು. ಹೀಗೆ ಹುಟ್ಟಿದ್ದು ನಿಸರ್ಗಮಿತ್ರರ ಸಂಘ. ಆ ವಿದ್ಯಾರ್ಥಿಯೇ ಮುಂದೆ ಆಸ್ಟ್ರಿಯಾ ಗಣರಾಜ್ಯದ ಪ್ರಧಾನಿಯೂ ಅಧ್ಯಕ್ಷನೂ ಆದ. ಆಲ್ಪ್ಸ್ ಪರ್ವತದ ತಂಗುದಾಣಗಳು ಆಗ ಉಳ್ಳವರ ಕ್ಲಬ್ಬುಗಳ ವಶದಲ್ಲಿದ್ದವು. ಕಾರ್ಮಿಕರು ಭಾನುವಾರಗಳಂದು ಕಲ್ಲು ಹೊತ್ತು, ಮರ ಕೊಯ್ದು, ತಮ್ಮ ಕೈಯಿಂದಲೇ ಬೆಟ್ಟದ ಮನೆಗಳನ್ನು ಕಟ್ಟಿದರು. ಮೊದಲನೆಯದು 1907ರಲ್ಲಿ ಟಿರೋಲ್ ಸೀಮೆಯಲ್ಲಿ ತೆರೆಯಿತು. "ಬೆಟ್ಟ ಮುಕ್ತ" ಎಂಬುದು ದಾರಿಯಲ್ಲಿ ಅವರು ಒಬ್ಬರಿಗೊಬ್ಬರು ಹೇಳುತ್ತಿದ್ದ ನಮಸ್ಕಾರ. 1933ರಲ್ಲಿ ಜರ್ಮನಿಯ ನಾಜಿಗಳೂ 1934ರಲ್ಲಿ ಆಸ್ಟ್ರಿಯಾದ ಸರ್ವಾಧಿಕಾರಿಗಳೂ ಈ ಸಂಘವನ್ನು ನಿಷೇಧಿಸಿ ಮನೆಗಳನ್ನು ಕಿತ್ತುಕೊಂಡರು. ಬಡವನು ನೆಮ್ಮದಿಯಾಗಿ ಮಲಗುವ ಮನೆಯನ್ನು ಕಂಡರೂ ಅವರಿಗೆ ಭಯವಿತ್ತು! ಆ ಪ್ರಭುತ್ವಗಳು ಹೋದವು. ನಿಸರ್ಗಮಿತ್ರರ ನೂರಾರು ಮನೆಗಳು ಇಂದಿಗೂ ಯೂರೋಪಿನ ಬೆಟ್ಟಗಳಲ್ಲಿ ತೆರೆದಿವೆ.

ಇನ್ನೊಬ್ಬ ಉಪಾಧ್ಯಾಯನ ಕಥೆ ನಮಗೆ ಇನ್ನೂ ಹತ್ತಿರದ್ದು. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರ ಆಗಸ್ಟ್ ತಿಂಗಳಲ್ಲಿ ತನ್ನ ಶಾಲೆಯ ಮಕ್ಕಳೊಡನೆ ಕಾಲ್ನಡಿಗೆ ಹೊರಟಿದ್ದ. ದಾರಿಯಲ್ಲಿ ಗುಡುಗು ಮಳೆ ಹಿಡಿಯಿತು. ರಜೆಯಲ್ಲಿ ಖಾಲಿ ಬಿದ್ದಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ಊರೂರಿನಲ್ಲಿ ಶಾಲೆಗಳಿವೆ, ರಜೆಯಲ್ಲಿ ಅವು ಖಾಲಿಯಿರುತ್ತವೆ, ನಡೆಯುವವರಿಗೆ ಅವನ್ನೇಕೆ ತೆರೆಯಬಾರದು ಎಂದು ಅವನು ಆ ರಾತ್ರಿ ಯೋಚಿಸಿದ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಯುವಕರ ತಂಗುದಾಣ ತೆರೆಯಿತು. ಇಂದು ಲೋಕದ ಹತ್ತಾರು ದೇಶಗಳಲ್ಲಿರುವ ಯೂತ್ ಹಾಸ್ಟೆಲುಗಳ ಮೂಲ ಆ ಮಳೆಯ ರಾತ್ರಿಯಲ್ಲಿದೆ. 1936ರಲ್ಲಿ ಫ್ರಾನ್ಸಿನ ಜನತಾರಂಗದ ಸರ್ಕಾರ ದುಡಿಯುವವರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಾಗ, ರೈಲಿನ ದರದಲ್ಲಿ ನೂರಕ್ಕೆ 40ರಷ್ಟು ರಿಯಾಯಿತಿಯನ್ನೂ ಸೇರಿಸಿ ಕೊಟ್ಟಿತು. ರಜೆ ಕೊಟ್ಟರೆ ಸಾಲದು, ದಾರಿಯನ್ನೂ ತೆರೆಯಬೇಕು ಎಂಬುದು ಆ ಸರ್ಕಾರಕ್ಕೆ ತಿಳಿದಿತ್ತು.

ನಮ್ಮ ನಾಡಿಗೆ ಈ ವಿಚಾರ ಹೊರಗಿನಿಂದ ಬರಬೇಕಾಗಿಲ್ಲ. ಛತ್ರ, ಅರವಟ್ಟಿಗೆ, ಮುಸಾಫರಖಾನೆಗಳನ್ನು ಕಟ್ಟಿಸಿದ ನಾಡು ಇದು. ಇಂದಿಗೂ ಕುಕ್ಕೆ, ಕೊಲ್ಲೂರು, ಶೃಂಗೇರಿ, ಹೊರನಾಡುಗಳಿಗೆ ಹೋದ ಯಾತ್ರಿಕನಿಗೆ ದೇವಸ್ಥಾನದ ವಸತಿಗೃಹದಲ್ಲಿ ಕಡಿಮೆ ಬಾಡಿಗೆಯ ಕೋಣೆಯೂ ಹೊಟ್ಟೆ ತುಂಬ ಊಟವೂ ಸಿಗುತ್ತವೆ. 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೋಗುವವರು ಕುಕ್ಕೆಯಲ್ಲಿಯೂ, 1343 ಮೀಟರಿನ ಕೊಡಚಾದ್ರಿಗೆ ಹೋಗುವವರು ಕೊಲ್ಲೂರಿನಲ್ಲಿಯೂ ತಂಗುವುದು ಈ ಕಾರಣಕ್ಕೇ. ಕುಮಾರಪರ್ವತದ ದಾರಿಯ ನಡುವೆ ಗಿರಿಗದ್ದೆಯ ಒಂಟಿ ಮನೆಯೊಂದು ದಶಕಗಳ ಕಾಲ ಬಂದವರಿಗೆಲ್ಲ ಅನ್ನ, ಸಾರು, ಮಜ್ಜಿಗೆ ಬಡಿಸಿದ್ದನ್ನು ನಾಡಿನ ಸಾವಿರಾರು ತರುಣರು ನೆನೆಯುತ್ತಾರೆ. ಆದರೆ ದೇವಸ್ಥಾನದ ಕೋಣೆ ಮೊದಲು ಭಕ್ತನಿಗೆ ಸಲ್ಲತಕ್ಕದ್ದು. ಜಾತ್ರೆ, ಷಷ್ಠಿ, ನವರಾತ್ರಿಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮೌನವನ್ನಂತೂ ಕೇಳುವಂತಿಲ್ಲ. ದೇವರ ಹೆಸರಿನಲ್ಲಿ ಸಮಾಜ ಮಾಡಿದ ಈ ಕೆಲಸವನ್ನು ಜನರ ಹೆಸರಿನಲ್ಲಿ ಮಾಡಬೇಕಾದ ಸರ್ಕಾರ ಏನು ಮಾಡಿದೆ?

ಸರ್ಕಾರದ ಬಳಿ ಸೂರುಗಳಿಲ್ಲವೆಂದಲ್ಲ. ಮಲೆನಾಡಿನ ತಾಲ್ಲೂಕುಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ, ಅರಣ್ಯ ಇಲಾಖೆಯ ಬಂಗಲೆಗಳಿವೆ. ದಪ್ಪ ಗೋಡೆ, ಹೆಂಚಿನ ಮಾಡು, ಸುತ್ತ ಮರಗಳು. ನಿಶ್ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಇವು ಅಧಿಕಾರಿಗಳಿಗೆಂದು ಕಟ್ಟಿದವು. ಸಾಹೇಬರು ಬರಬಹುದೆಂಬ ನಿರೀಕ್ಷೆಯಲ್ಲಿಯೇ ವರ್ಷದ ಎಷ್ಟೋ ದಿನ ಬೀಗ ಹಾಕಿರುತ್ತವೆ. ಇನ್ನು ಸರ್ಕಾರದ್ದೇ ಬಂಡವಾಳದ ಕಂಪನಿ ಕಾಡಿನೊಳಗೆ ನಡೆಸುವ ವಸತಿಗಳಿವೆ. ಅಲ್ಲಿ ಒಂದು ರಾತ್ರಿಗೆ ತಲೆಗೆ ಸಾವಿರಗಟ್ಟಲೆ ದರ. ಕೆಮ್ಮಣ್ಣುಗುಂಡಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರ ಮುಂದೆ ಸಾರ್ವಜನಿಕರಿಗೆ ತೆರೆಯಿತು. ಅರಸರ ಮನೆ ಪ್ರಜೆಗೆ ತೆರೆದ ನಾಡಿನಲ್ಲಿ ಎಂಜಿನಿಯರರ ಬಂಗಲೆ ಪ್ರಜೆಗೆ ಮುಚ್ಚಿರುವುದು ಯಾವ ನ್ಯಾಯ?

ತೆರಿಗೆಯ ವಿಚಾರವನ್ನೂ ನೋಡೋಣ. ದಿನಕ್ಕೆ 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ವಸತಿಗೃಹದ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ನೂರಕ್ಕೆ 12 ಹೇರಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅದನ್ನು 5ಕ್ಕೆ ಇಳಿಸಿ, 7500 ರೂಪಾಯಿಯವರೆಗಿನ ಕೋಣೆಗಳಿಗೆಲ್ಲ ಒಂದೇ ದರ ಮಾಡಿದರು. ಇಳಿಸಿದ್ದು ಸರಿ. ಆದರೆ 700 ರೂಪಾಯಿಯ ಕೋಣೆಯಲ್ಲಿ ಮಲಗುವವನೂ 7000 ರೂಪಾಯಿಯ ಕೋಣೆಯಲ್ಲಿ ಮಲಗುವವನೂ ಒಂದೇ ದರದಲ್ಲಿ ತೆರಿಗೆ ಕೊಡುವುದನ್ನು ಸಮಾನತೆಯೆಂದು ಯಾರೂ ಕರೆಯಲಾರರು. ಮೊದಲಿದ್ದ ವಿನಾಯಿತಿ ಮರಳಿ ಬರಲೇಬೇಕು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುವಂತಾಯಿತು. ಮನೆ ಬಿಟ್ಟು ಹೊರಟೇ ಗೊತ್ತಿಲ್ಲದ ಎಷ್ಟೋ ತಾಯಂದಿರು ಘಟ್ಟದ ದಾರಿ ಕಂಡರು. ಬಸ್ಸು ಉಚಿತ, ಮಂಚ ದುಬಾರಿ ಎಂದಾದರೆ ಆ ತಾಯಿ ಸಂಜೆಯ ಬಸ್ಸಿಗೇ ಮರಳಬೇಕು. ಒಂಟಿ ಹೆಂಗಸಿಗೆ ಭದ್ರವಾದ, ಅಗ್ಗದ ಒಂದು ಕೋಣೆ ಸಿಕ್ಕುವವರೆಗೆ ಬೆಟ್ಟ ಅವಳ ಪಾಲಿಗೆ ಬಸ್ಸಿನ ಕಿಟಕಿಯ ಚಿತ್ರವಾಗಿಯೇ ಉಳಿಯುತ್ತದೆ.

ಇನ್ನು ಮೌನ. ಮೌನ ಕೇಳುವುದು ಶೋಕಿಯಲ್ಲ. ವಾರವೆಲ್ಲ ಯಂತ್ರದ ಸದ್ದಿನಲ್ಲಿ ಬದುಕುವವನಿಗೆ ಅದು ಔಷಧ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಬೆಟ್ಟದ ಊರುಗಳಲ್ಲಿ ಈ ನಿಯಮ ಯಾರ ಕಿವಿಗೂ ಬಿದ್ದಂತಿಲ್ಲ. ಹೋಂಸ್ಟೇ ಎಂದರೆ ಮನೆಯವರು ವಾಸಿಸುವ ಮನೆಯಲ್ಲಿ ಅತಿಥಿಗೊಂದು ಕೋಣೆ. ಮನೆಯವರೇ ಇಲ್ಲದ ಕಟ್ಟಡ ಕಟ್ಟಿ, ಕೂಲಿಯಾಳನ್ನು ನಿಲ್ಲಿಸಿ, ಗದ್ದಲವನ್ನು ಮಾರುವುದು ಮನೆಯಲ್ಲ, ಅಂಗಡಿ. ಇದರಿಂದ ಹಾಳಾಗುವುದು ಪ್ರವಾಸಿಯ ನಿದ್ದೆಯೊಂದೇ ಅಲ್ಲ. ಬೆಳಗಾಗುವ ಮೊದಲು ಕೊಟ್ಟಿಗೆಗೆ, ತೋಟಕ್ಕೆ ಹೋಗಬೇಕಾದ ಹಳ್ಳಿಯವರ ನಿದ್ದೆಯೂ ಹಾಳಾಗುತ್ತದೆ. ನಿಜವಾದ ಮನೆಯೊಂದರ ಗೃಹಿಣಿ ಮಿತದರಕ್ಕೆ ಎರಡು ಕೋಣೆ ಕೊಟ್ಟು, ಕಡುಬು, ಸೊಪ್ಪಿನ ಸಾರು ಬಡಿಸಿ ನಾಲ್ಕು ಕಾಸು ನೋಡುವುದಾದರೆ ಅದಕ್ಕೆ ನಮ್ಮ ಪೂರ್ಣ ಬೆಂಬಲವಿದೆ.

ಅಗ್ಗದ ವಸತಿ ಕೊಟ್ಟರೆ ಜನ ಮುಗಿಬಿದ್ದು ಬೆಟ್ಟಗಳು ಹಾಳಾಗುವುವು ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಪಶ್ಚಿಮಘಟ್ಟ 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಇರುವೆಯಂತೆ ಸಾಲುಗಟ್ಟಿದ್ದನ್ನು ನಾಡೆಲ್ಲ ಚಿತ್ರಗಳಲ್ಲಿ ಕಂಡಿತು. ಆಮೇಲೆ ಅಂಥ ದಾರಿಗಳಲ್ಲಿ ಮುಂಗಡ ನೋಂದಣಿ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬಂದವು. ಮಿತಿಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮಿತಿ ಸರದಿಯಿಂದ ಬರಬೇಕು, ದರದಿಂದ ಬರಕೂಡದು. ಮೊದಲು ಬಂದವನಿಗೆ ಚೀಟಿ ಎಂಬುದು ನ್ಯಾಯ. ಹೆಚ್ಚು ಕೊಟ್ಟವನಿಗೆ ಬೆಟ್ಟ ಎಂಬುದು ಹರಾಜು. ಬೆಟ್ಟವನ್ನು ಕಡಿದು ಈಜುಕೊಳ ತೋಡಿದವನು ಬುತ್ತಿ ಹೊತ್ತು ನಡೆದು ಬಂದವನಲ್ಲ ಎಂಬುದೂ ನೆನಪಿರಲಿ.

ಆದುದರಿಂದ ನಮ್ಮ ಒತ್ತಾಯಗಳು ಇವು. ಒಂದು, ಬೆಟ್ಟದ ಬುಡದ ಊರುಗಳಲ್ಲಿ ಹೊಸ ಕಾಂಕ್ರೀಟು ಸುರಿಯದೆ, ಮಕ್ಕಳಿಲ್ಲದೆ ಮುಚ್ಚಿದ ಶಾಲೆ, ಪಾಳುಬಿದ್ದ ಸರ್ಕಾರಿ ವಸತಿಗೃಹಗಳನ್ನು ದುರಸ್ತಿ ಮಾಡಿ ನಡೆಯುವವರ ತಂಗುದಾಣಗಳನ್ನಾಗಿ ಮಾಡತಕ್ಕದ್ದು. ಹಲಗೆಯ ಮಂಚ, ಕಂಬಳಿ, ಹಂಡೆಯ ಬಿಸಿನೀರು, ಶುಚಿಯಾದ ಪಾಯಿಖಾನೆ, ಹೆಂಗಸರಿಗೆ ಪ್ರತ್ಯೇಕ ಕೊಠಡಿ ಇದ್ದರೆ ಸಾಕು. ಎರಡು, ಒಂದು ಮಂಚದ ಬಾಡಿಗೆ ದಿನದ ಕನಿಷ್ಠ ಕೂಲಿಯ ಅರ್ಧವನ್ನು ಮೀರಬಾರದು. ಮೂರು, ನಿರ್ವಹಣೆ ಪಂಚಾಯಿತಿ ಮತ್ತು ಊರಿನ ಸ್ತ್ರೀಶಕ್ತಿ ಸಂಘಗಳ ಕೈಯಲ್ಲಿರಲಿ, ಗುತ್ತಿಗೆದಾರನ ಕೈಯಲ್ಲಲ್ಲ. ನಾಲ್ಕು, ಪ್ರವಾಸಿ ಮಂದಿರಗಳ ಖಾಲಿ ಕೋಣೆಗಳನ್ನು ಸಾರ್ವಜನಿಕರಿಗೆ ಕೊಟ್ಟು, ದರದ ಪಟ್ಟಿಯನ್ನು ಬಾಗಿಲಿಗೆ ಹಾಕಬೇಕು. ಐದು, ಚಾರಣದ ಚೀಟಿಗಳಲ್ಲಿ ಒಂದು ಪಾಲನ್ನು ಮೊಬೈಲಿಲ್ಲದವರಿಗಾಗಿ ಸ್ಥಳದ ಕೌಂಟರಿನಲ್ಲಿಯೇ ಕೊಡಬೇಕು.

ಇವೆಲ್ಲ ಆಗುವವರೆಗೆ ಬೆಟ್ಟಕ್ಕೆ ಹೊರಡುವ ನಮ್ಮ ವಾಚಕರಿಗೆ ಕೆಲವು ಸಲಹೆಗಳು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ರಜೆ ಹಾಕಿ ಹೋಗಿ. ದರವೂ ಇಳಿದಿರುತ್ತದೆ, ಸದ್ದೂ ಇರುವುದಿಲ್ಲ. ನವೆಂಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಮಳೆಯಲ್ಲಿ ಇಂಬಳದ ಕಾಟ, ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿಗಳನ್ನು ಮುಚ್ಚುವುದುಂಟು. ಹೆಸರಾದ ಬೆಟ್ಟದ ಬುಡಕ್ಕೇ ಹೋಗಿ ಮಲಗಬೇಕೆಂದಿಲ್ಲ. ಒಂದೆರಡು ಹಳ್ಳಿ ಹಿಂದೆ ಇಳಿದು ಅಂಚೆ ಕಚೇರಿಯಲ್ಲೋ ಹೋಟೆಲಿನಲ್ಲೋ ವಿಚಾರಿಸಿದರೆ ಕೋಣೆ ಕೊಡುವ ಮನೆ ಸಿಕ್ಕೀತು. ಮುಂಗಡ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಊಟ ಸೇರಿ ಎಷ್ಟು, ಬಿಟ್ಟು ಎಷ್ಟು? ಮನೆಯವರು ಅಲ್ಲಿಯೇ ಇರುತ್ತಾರೆಯೇ? ರಾತ್ರಿ ಧ್ವನಿವರ್ಧಕ ಹಚ್ಚುತ್ತಾರೆಯೇ? ಹೊದಿಕೆ ಜೊತೆಯಲ್ಲಿರಲಿ. ಪ್ಲಾಸ್ಟಿಕ್ಕನ್ನು ಹೊತ್ತು ತನ್ನಿ, ಬೆಂಕಿ ಹಚ್ಚಬೇಡಿ.

ಬರುವ ಬಜೆಟ್ ಅಧಿವೇಶನದಲ್ಲಿ ಮಲೆನಾಡಿನ ಶಾಸಕರು ಈ ಪ್ರಶ್ನೆಯನ್ನು ಎತ್ತಬೇಕು. ಅವರಿಗೆ ನೆನಪು ಮಾಡುವ ಕೆಲಸ ನಮ್ಮದು, ನಿಮ್ಮದು. ತಮ್ಮ ಊರಿನಲ್ಲಿ ಬೀಗ ಬಿದ್ದಿರುವ ಶಾಲೆ, ಬಂಗಲೆಗಳ ವಿವರಗಳನ್ನು ವಾಚಕರು ಬರೆದು ಕಳುಹಿಸಿದರೆ ಈ ಪತ್ರಿಕೆಯಲ್ಲಿ ವಾರವಾರ ಪ್ರಕಟಿಸುತ್ತೇವೆ. ಸೂರು ಇಲ್ಲವೆಂದು ಸರ್ಕಾರ ಹೇಳುವ ದಿನ ಆ ಪಟ್ಟಿಯನ್ನೇ ಅದರ ಮುಂದಿಡೋಣ.