ಮುಧೋಳದ ನಾಯಿ ಮತ್ತು ಆರಡಿ ಸರಪಳಿ

ನಾನು ದಿನವೂ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಮನೆಯಿದೆ. ಆ ಮನೆಯ ಅಂಗಳದ ನಡುವೆ ಹುಲ್ಲಿಲ್ಲದ ಒಂದು ವೃತ್ತವನ್ನು ಕಾಣಬಹುದು. ಕೈವಾರದಿಂದ ಎಳೆದಂತೆ ಅಚ್ಚುಕಟ್ಟಾದ ವೃತ್ತ. ಅದರ ಕೇಂದ್ರದಲ್ಲಿ ನೆಲಕ್ಕೆ ಹೂತ ಒಂದು ಕಬ್ಬಿಣದ ಗೂಟ. ತ್ರಿಜ್ಯ ಆರು ಅಡಿ, ಎಂದರೆ ಗೂಟಕ್ಕೆ ಬಿಗಿದಿರುವ ಸರಪಳಿಯ ಉದ್ದ. ಆ ವೃತ್ತವನ್ನು ತನ್ನ ಕಾಲುಗಳಿಂದಲೇ ಬರೆದುದು ಸರಪಳಿಯ ಇನ್ನೊಂದು ತುದಿಯಲ್ಲಿರುವ ಮುಧೋಳದ ನಾಯಿ.

ಮನೆಯ ಯಜಮಾನರು ಸಜ್ಜನರು. ನಾಯಿಗೆ ಹೊತ್ತು ಹೊತ್ತಿಗೆ ಊಟವಿಕ್ಕುತ್ತಾರೆ. ನೆರಳಿಗೆ ತಗಡಿನ ಮಾಡೊಂದನ್ನೂ ಹಾಕಿಸಿದ್ದಾರೆ. ಆದರೂ ಅವರಿಗೆ ನಾಯಿಯ ಮೇಲೆ ಬಲವಾದ ಆಕ್ಷೇಪವಿತ್ತು. "ಏನು ಮಾಡೋದು ಮೇಷ್ಟ್ರೇ, ರಾಜರು ಸಾಕುತ್ತಿದ್ದ ಜಾತಿ ಅಂತ ಹೇಳಿ ತಂದೆ. ಇದು ಹಾಲಿನವನಿಗೂ ಬೊಗಳುತ್ತೆ, ಉದುರಿದ ಎಲೆಗೂ ಬೊಗಳುತ್ತೆ. ಯಾರಾದರೂ ಕೇಳಿದರೆ ಕೊಟ್ಟುಬಿಡೋಣ ಅಂತಿದ್ದೇನೆ" ಎಂದು ಒಮ್ಮೆ ಹೇಳಿದರು. ಅವರ ದೃಷ್ಟಿಯಲ್ಲಿ ದೋಷವಿದ್ದುದು ನಾಯಿಯಲ್ಲಿ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಸರಪಳಿಯಲ್ಲಿ. ಭೌತವಿಜ್ಞಾನದ ಅಧ್ಯಾಪಕನಿಗೆ ನಾಯಿಯ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ನಾಯಿಯೂ ದ್ರವ್ಯರಾಶಿಯುಳ್ಳ ಒಂದು ವಸ್ತು; ಅದು ಓಡುವಾಗಲೂ, ತೇಗುವಾಗಲೂ, ಕಿವಿ ನಿಮಿರಿಸುವಾಗಲೂ ನಾವು ತರಗತಿಯಲ್ಲಿ ಹೇಳುವ ನಿಯಮಗಳಿಗೇ ಒಳಪಟ್ಟಿರುತ್ತದೆ.

ಮೊದಲು ಈ ಪ್ರಾಣಿ ಎಂತಹುದೆಂಬುದನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ ಹಿಂದೆ ಘೋರ್ಪಡೆ ಮನೆತನದ ಒಂದು ಸಣ್ಣ ಸಂಸ್ಥಾನವಾಗಿದ್ದಿತು. ಸುತ್ತಲ ಹಳ್ಳಿಗರು ಬೇಟೆಗೂ ಕಾವಲಿಗೂ ಸಾಕಿಕೊಂಡಿದ್ದ ತೆಳುಮೈಯ ನಾಯಿಗಳನ್ನು ಕಂಡು, ಅವುಗಳನ್ನು ಆಯ್ದು ತಳಿಯನ್ನು ಉಳಿಸಿ ಬೆಳೆಸಿದ ಕೀರ್ತಿ ರಾಜಾ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. ಮಹಾರಾಷ್ಟ್ರದಲ್ಲಿ ಇದರ ಬಳಗಕ್ಕೆ ಕಾರವಾನಿ ಎಂಬ ಹೆಸರುಂಟು. ಎತ್ತರ ಸುಮಾರು ಎರಡೂಕಾಲು ಅಡಿ. ಆದರೆ ತೂಕ ಮಾತ್ರ ಇಪ್ಪತ್ತು ಇಪ್ಪತ್ತೈದು ಕಿಲೋಗ್ರಾಮಿನ ಆಸುಪಾಸು. ಉದ್ದವಾದ ಕಿರಿದಾದ ತಲೆ, ಆಳವಾದ ಎದೆಗೂಡು, ಒಳಕ್ಕೆ ಸೇದಿದ ಹೊಟ್ಟೆ, ಗಿಡ್ಡ ಕೂದಲು. ಅಪರಿಚಿತರು ಮೈ ಮುಟ್ಟುವುದು ಇದಕ್ಕೆ ಸೇರದು. ಮನೆಯ ಕೆಲವೇ ಜನರನ್ನು ತನ್ನವರೆಂದು ಒಪ್ಪಿಕೊಂಡು, ಉಳಿದವರನ್ನು ದೂರದಿಂದಲೇ ಗಮನಿಸುವ ಸ್ವಭಾವ. 2005ರಲ್ಲಿ ಭಾರತದ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀಯ ನಾಯಿಗಳ ಚೀಟಿಗಳಲ್ಲಿ ಒಂದು ಇದರದು. 2016ರಲ್ಲಿ ಇದರ ಮರಿಗಳನ್ನು ಸೈನ್ಯದವರು ಮೀರತ್‌ನಲ್ಲಿ ತರಬೇತಿಗೆಂದು ಕೊಂಡೊಯ್ದರು. 2020ರಲ್ಲಿ ಪ್ರಧಾನಮಂತ್ರಿಗಳ ಬಾನುಲಿ ಭಾಷಣದಲ್ಲಿಯೂ ಇದರ ಹೆಸರು ಬಂದಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಹೆಸರು ಬಂದ ಪ್ರಾಣಿಗೆ ಗಿರಾಕಿಗಳೂ ಬರುತ್ತಾರೆ. ಮುಧೋಳದ ಹೊಲದ ಬದುವಿನಲ್ಲಿ ಓಡುತ್ತಿದ್ದ ನಾಯಿ ಈಗ ಊರೂರಿನ ಮೂವತ್ತು ನಲವತ್ತಡಿ ನಿವೇಶನಗಳ ಮೂಲೆಯಲ್ಲಿ ಕಟ್ಟಿಹಾಕಿಸಿಕೊಂಡಿದೆ.

ಇದು ಓಟಕ್ಕಾಗಿ ರೂಪುಗೊಂಡ ಶರೀರವೆಂಬುದನ್ನು ಮರೆಯಬಾರದು. ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ಹೆಜ್ಜೆಗತಿಯಲ್ಲಿ ಒಂದು ಸಲ ಮಾತ್ರ ಅದರ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ಈ ಜಾತಿಯ ಬೇಟೆನಾಯಿಗಳಲ್ಲಾದರೋ ಎರಡು ಸಲ: ಬೆನ್ನೆಲುಬು ಬಿಲ್ಲಿನಂತೆ ಮಡಿಚಿಕೊಂಡಾಗ ಒಮ್ಮೆ, ನೀಳವಾಗಿ ಚಾಚಿಕೊಂಡಾಗ ಇನ್ನೊಮ್ಮೆ. ಗಂಟೆಗೆ 50 ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್ ವೇಗವನ್ನು ಲೆಕ್ಕಕ್ಕೆ ಹಿಡಿಯೋಣ. 25 ಕಿಲೋಗ್ರಾಮಿನ ನಾಯಿಗೆ ಆಗ ಬರುವ ಚಲನಶಕ್ತಿ 2,450 ಜೂಲ್. ಅಷ್ಟೇ ಶಕ್ತಿಯಿಂದ ಆ ನಾಯಿಯನ್ನು ಹತ್ತು ಮೀಟರ್ ಎತ್ತರಕ್ಕೆ, ಎಂದರೆ ಮೂರನೆಯ ಅಂತಸ್ತಿನ ಬಿಸಿಲುಮಚ್ಚಿನವರೆಗೆ ಎತ್ತಬಹುದು.

ಈಗ ಆ ವೃತ್ತಕ್ಕೆ ಬನ್ನಿ. ಆರಡಿ ಸರಪಳಿಯೆಂದರೆ ವ್ಯಾಸ ಹನ್ನೆರಡು ಅಡಿ, ಸುಮಾರು 3.6 ಮೀಟರ್. ಪೂರ್ಣವೇಗದಲ್ಲಿ ಈ ನಾಯಿ ತನ್ನ ಪ್ರಪಂಚದ ಒಂದು ಅಂಚಿನಿಂದ ಇನ್ನೊಂದು ಅಂಚನ್ನು ಮುಟ್ಟಲು ಕಾಲು ಸೆಕೆಂಡು ಸಾಕು! ಪೂರ್ಣವೇಗ ಬರಲು ಅಲ್ಲಿ ಸ್ಥಳವೆಲ್ಲಿ ಎನ್ನುವಿರೋ? ಸರಿಯೇ. ಗೇಟಿನಾಚೆ ಬೆಕ್ಕೊಂದು ಸುಳಿದಾಗ ಅದು ಒಂದು ಅಂಚಿನಿಂದ ಧಾವಿಸಿ, ಇನ್ನೊಂದು ಅಂಚನ್ನು ಮುಟ್ಟುವ ವೇಳೆಗೆ ಸೆಕೆಂಡಿಗೆ 6 ಮೀಟರ್ ವೇಗವನ್ನು ಗಳಿಸಿತೆಂದು ಇಟ್ಟುಕೊಳ್ಳಿ. ಅಲ್ಲಿ ಸರಪಳಿ ಬಿಗಿಯುತ್ತದೆ. ಕುತ್ತಿಗೆಯ ಪಟ್ಟಿಯೂ ಸರಪಳಿಯೂ ಸೇರಿ ಹತ್ತು ಸೆಂಟಿಮೀಟರಿನೊಳಗೆ ನಾಯಿಯನ್ನು ನಿಲ್ಲಿಸಿದರೆ ಆಗುವ ವೇಗಕುಂಠನ ಗುರುತ್ವದ ಹದಿನೆಂಟರಷ್ಟು. ಬಲವನ್ನು ಲೆಕ್ಕ ಹಾಕಿದರೆ ಅದು ನಾಲ್ಕೂವರೆ ಸಾವಿರ ನ್ಯೂಟನ್, ಎಂದರೆ ನಾಲ್ಕೂವರೆ ಕ್ವಿಂಟಾಲ್ ತೂಕಕ್ಕೆ ಸಮ. ಅದೂ ಗಂಟಲಿನ ಮೇಲೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಸೂತ್ರ ಒಂದೇ ಒಂದು. ದಿನಕ್ಕೆ ಹತ್ತು ಸಲ ಈ ಪೆಟ್ಟನ್ನು ತಿನ್ನುವ ಪ್ರಾಣಿ, ಗೇಟಿನ ಬಳಿ ಏನು ಅಲುಗಿದರೂ ತನಗೆ ನೋವು ಕಾದಿದೆಯೆಂಬ ಪಾಠವನ್ನು ಕಲಿತರೆ ಆಶ್ಚರ್ಯವೇನು? ಗಂಟೆಯ ಶಬ್ದಕ್ಕೂ ಆಹಾರಕ್ಕೂ ನಾಯಿಯ ಮನಸ್ಸು ನಂಟು ಬೆಳೆಸುವಂತೆಯೇ ಅಪರಿಚಿತನ ಮುಖಕ್ಕೂ ನೋವಿಗೂ ನಂಟು ಬೆಳೆಸುತ್ತದೆ. ಪಾವ್ಲೋವ್ ತೋರಿಸಿಕೊಟ್ಟ ತತ್ತ್ವ ಎರಡು ಕಡೆಗೂ ಕೆಲಸ ಮಾಡುವಂತಹುದು.

"ನಾನು ತಂದಿರುವುದು ಕಾವಲಿಗೆ, ಓಟದ ಪಂದ್ಯಕ್ಕಲ್ಲ" ಎಂದು ಯಜಮಾನರು ಹೇಳುತ್ತಾರೆ. ಒಪ್ಪೋಣ. ಆದರೆ ಕಾವಲುನಾಯಿಯೆಂದರೇನು? ಅದು ಒಂದು ಶೋಧಕ ಉಪಕರಣ. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳಾಚೆಗೆ ಕಿವುಡು. ನಾಯಿಯ ಕಿವಿ ಸುಮಾರು ನಲವತ್ತೈದು ಸಾವಿರದವರೆಗೂ ಕೇಳಬಲ್ಲುದು. ನಮ್ಮ ದೃಷ್ಟಿಕ್ಷೇತ್ರ ಸುಮಾರು 180 ಡಿಗ್ರಿಯಾದರೆ ನಾಯಿಯದು 240ರ ಆಸುಪಾಸು. ಕೆಂಪು ಹಸಿರುಗಳ ಭೇದ ಅದಕ್ಕೆ ಚೆನ್ನಾಗಿ ತಿಳಿಯದು, ನಿಜ. ಆದರೆ ಮಸುಕಿನಲ್ಲಿ ಚಲಿಸುವ ವಸ್ತುವನ್ನು ನಮಗಿಂತ ಬಹಳ ಮೊದಲೇ ಕಂಡುಹಿಡಿಯುತ್ತದೆ. ಇಷ್ಟು ಸೂಕ್ಷ್ಮವಾದ ಉಪಕರಣ ಎಲೆ ಬಿದ್ದರೂ ಬೊಗಳುತ್ತದೆಂದರೆ, ಅದು ಮುಳ್ಳು ಸದಾ ತುದಿಗೆ ಅಂಟಿಕೊಂಡಿರುವ ಗ್ಯಾಲ್ವನೋಮೀಟರಿನಂತೆ. ಕಳ್ಳನು ಬಂದ ದಿನವೂ ಅದು ಬೊಗಳುತ್ತದೆ. ಬಾರದ ದಿನವೂ ಬೊಗಳುತ್ತದೆ. ಆದುದರಿಂದ ಮನೆಯವರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗುತ್ತಾರೆ.

ಪ್ರಯೋಗಾಲಯದಲ್ಲಿ ಸ್ಕ್ರೂಗೇಜನ್ನು ಕೈಗೆತ್ತಿಕೊಂಡಾಗ ಮೊದಲು ಮಾಡುವ ಕೆಲಸವೇನು? ಶೂನ್ಯದೋಷವನ್ನು ನೋಡುವುದು. ಅಸಹಜವಾದುದನ್ನು ಅಳೆಯಬೇಕಾದರೆ ಸಹಜವಾದುದು ಎಲ್ಲಿದೆಯೆಂಬುದು ಗೊತ್ತಿರಬೇಕು. ಕಾವಲುನಾಯಿಗೂ ಇದೇ ನ್ಯಾಯ. ಹಾಲಿನವನ ಹೆಜ್ಜೆ, ಅಂಚೆಯವನ ಸೈಕಲ್ಲು, ಶಾಲೆ ಬಿಟ್ಟ ಮಕ್ಕಳ ಕೂಗು, ಪಕ್ಕದ ಬೀದಿಯ ನಾಯಿಗಳ ವಾಸನೆ ಇವೆಲ್ಲ ಸಹಜವೆಂದು ತಿಳಿದಾಗಲೇ ನಡುರಾತ್ರಿಯ ಅಪರಿಚಿತ ಹೆಜ್ಜೆ ಬೇರೆಯಾಗಿ ಕೇಳಿಸುತ್ತದೆ. ಹನ್ನೆರಡಡಿ ವ್ಯಾಸದೊಳಗೇ ಬೆಳೆದ ನಾಯಿಗೆ ಆ ತಿಳಿವಳಿಕೆ ಬರುವುದೆಲ್ಲಿಂದ? ಅಮೆರಿಕದ ಬಾರ್ ಹಾರ್ಬರಿನಲ್ಲಿ ಹಲವು ವರ್ಷ ನಾಯಿಮರಿಗಳನ್ನು ಅಭ್ಯಸಿಸಿ, ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಮನುಷ್ಯರನ್ನೂ ತನ್ನ ಸುತ್ತಲ ಲೋಕವನ್ನೂ ಪರಿಚಯ ಮಾಡಿಕೊಳ್ಳುತ್ತದೆ. ಆ ಅವಕಾಶ ತಪ್ಪಿದರೆ ಮುಂದೆ ಅದನ್ನು ತುಂಬುವುದು ಕಷ್ಟವೆಂಬುದು ಅವರ ಕೆಲಸದಿಂದ ತಿಳಿದುಬಂದ ಮುಖ್ಯ ಸಂಗತಿ. ನಮ್ಮಲ್ಲಿ ಮರಿಯನ್ನು ತಂದು ಕಟ್ಟಿಹಾಕುವುದು ಸರಿಯಾಗಿ ಆ ವಾರಗಳಲ್ಲಿಯೇ. ಹೊರಗಿನವರನ್ನು ಕಂಡರೆ ನಾಯಿ "ಜೋರಾಗಬೇಕು" ಎಂಬ ಆಸೆಯಿಂದ ಮಾಡುವ ಈ ಕೆಲಸದಿಂದ ನಾಯಿ ಜೋರಾಗುವುದಿಲ್ಲ, ಹೆದರುಪುಕ್ಕವಾಗುತ್ತದೆ. ಹೆದರಿದ ನಾಯಿಯೇ ಕಚ್ಚುವುದು. ಅದೂ ಕಳ್ಳನಿಗಿಂತ ಹೆಚ್ಚಾಗಿ ಮನೆಗೆ ಬಂದ ನೆಂಟರ ಮಗುವನ್ನು.

ಹಾಗಾದರೆ ಇದಕ್ಕೆ ಹತ್ತೆಕರೆ ಹೊಲ ಬೇಕೇ? ಬೇಡ. ಈ ನಾಯಿ ದಿನವಿಡೀ ಓಡುವಂತಹುದಲ್ಲ. ಬಿಲ್ಲಿನಿಂದ ಹೊರಟ ಬಾಣದಂತೆ ಕೆಲವು ನಿಮಿಷ ಓಡಿ, ಉಳಿದ ಹೊತ್ತನ್ನು ನಿದ್ರೆಯಲ್ಲಿ ಕಳೆಯುತ್ತದೆ. ಬೆಳಗ್ಗೆ ಮತ್ತು ಸಂಜೆ ಹಗ್ಗ ಹಿಡಿದು ಮುಕ್ಕಾಲು ಗಂಟೆಯ ನಡಿಗೆ, ವಾರದಲ್ಲಿ ಕೆಲವು ದಿನ ಬೇಲಿಯಿರುವ ಬಯಲಿನಲ್ಲಿ ಮನಸಾರೆ ಓಟ. ಇಷ್ಟಾದರೆ ಸಣ್ಣ ಮನೆಯಲ್ಲಿಯೂ ಅದು ತೆಪ್ಪಗಿರುತ್ತದೆ. ಬೇಲಿಯಿಲ್ಲದ ಕಡೆ, ಅದರಲ್ಲಿಯೂ ರಸ್ತೆಯ ಬಳಿ, ಹಗ್ಗ ಬಿಡಲೇಬಾರದು. ಕಣ್ಣಿಗೆ ಬಿದ್ದುದನ್ನು ಅಟ್ಟಿಕೊಂಡು ಹೋಗುವ ಈ ಜಾತಿಗೆ ಓಟದ ನಡುವೆ ಯಜಮಾನನ ಕೂಗು ಕಿವಿಗೆ ಬೀಳುವುದಿಲ್ಲ.

ಓಡಿಸುವ ಹೊತ್ತಿನ ವಿಷಯದಲ್ಲಿ ಎಚ್ಚರ ಬೇಕು. ಸ್ನಾಯುಗಳು ವೆಚ್ಚಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ನಾವು ಬೆವರುತ್ತೇವೆ, ನಾಯಿಗೆ ಬೆವರುವ ಸೌಕರ್ಯ ಅಂಗಾಲುಗಳಲ್ಲಿ ಅಲ್ಪಸ್ವಲ್ಪ ಮಾತ್ರ. ನಾಲಗೆಯನ್ನು ಹೊರಚಾಚಿ ತೇಗುತ್ತ, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸಿ ಅದು ತಂಪು ಮಾಡಿಕೊಳ್ಳಬೇಕು. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 25 ಕಿಲೋಗ್ರಾಮಿನ ನಾಯಿಯ ಮೈ ಒಂದು ಡಿಗ್ರಿ ಸೆಲ್ಸಿಯಸ್ ತಣಿಯಬೇಕಾದರೆ ಮೂವತ್ತೈದು ಗ್ರಾಮಿನಷ್ಟು ನೀರು ಹೀಗೆ ಹೋಗಬೇಕು. ಗಾಳಿಯೇ ಬಿಸಿಯಾಗಿ ತೇವದಿಂದ ತುಂಬಿದ್ದರೆ ಈ ಉಪಾಯವೂ ಸೋಲುತ್ತದೆ. ಆದುದರಿಂದ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಅಥವಾ ನೆಲದ ಕಾವು ಆರಿದ ಮೇಲೆ ಹೊರಡಬೇಕು. ಡಾಂಬರಿನ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವನ್ನೂ ಇಡಿಸಬಾರದು. ತಗಡಿನ ಮಾಡಿನ ಕೆಳಗೆ ನೆರಳಿರುತ್ತದೆ, ತಂಪಿರುವುದಿಲ್ಲ. ಕಾದ ತಗಡು ಶಾಖವನ್ನು ಕೆಳಕ್ಕೂ ವಿಕಿರಣ ಮಾಡುತ್ತದೆ.

ಪಕ್ಕೆಲುಬುಗಳು ನಸುವಾಗಿ ಕಾಣುವುದು ಈ ತಳಿಗೆ ಸಹಜ. ಅದನ್ನು ಕಂಡು ಮರುಗಿ ಕೊಬ್ಬಿಸಬಾರದು. ಜೋಳದ ರೊಟ್ಟಿ, ಹಾಲು, ಮೊಟ್ಟೆ, ಬೇಯಿಸಿದ ಮಾಂಸ ಇವುಗಳ ಮೇಲೆ ಅದು ಚೆನ್ನಾಗಿ ಬಾಳುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ವಿಷ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆಯುಬ್ಬರ ಬಂದು ಜಠರವೇ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಬೇಕು. ಊಟವಾದ ಕೂಡಲೆ ಓಡಿಸಬಾರದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಅನಂತರ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ. ಉಣ್ಣೆಗಳಿಂದ ಬರುವ ಜ್ವರದ ಬಗ್ಗೆ ಸದಾ ಎಚ್ಚರ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಇದು ಬೇಟೆನಾಯಿಯ ಜಾತಿಯೆಂದು ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಗ್ರೇಹೌಂಡಿನಂತಹ ಕೊಬ್ಬಿಲ್ಲದ ಮೈಯಲ್ಲಿ ಕೆಲವು ಅರಿವಳಿಕೆ ಮದ್ದುಗಳ ಪ್ರಭಾವ ಬೇಗ ಇಳಿಯುವುದಿಲ್ಲ.

ಇದಿಷ್ಟೂ ತಮ್ಮಿಂದಾಗದೆನ್ನುವವರು ಈ ನಾಯಿಯನ್ನು ತರದಿರುವುದೇ ಲೇಸೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಗೇಟಿಗೊಂದು ಗಂಟೆ ಕಟ್ಟಿದರೆ ಅದಕ್ಕೆ ಊಟ ಬೇಡ, ಓಟವೂ ಬೇಡ. ತರಲೇಬೇಕೆನ್ನುವವರು ದಲ್ಲಾಳಿಯ ಮಾತನ್ನು ನಂಬುವ ಮೊದಲು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ನಡೆಸುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಬಹುದು. ಇನ್ನು ಸರಪಳಿಯ ಮಾತು ಕೇವಲ ಕರುಣೆಗೆ ಬಿಟ್ಟುದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ವಿಭಾಗದಲ್ಲಿ, ಪ್ರಾಣಿಯನ್ನು ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಅನುಚಿತವಾದಷ್ಟು ಹೊತ್ತು ಕಟ್ಟಿಡುವುದೂ, ರೂಢಿಯಾಗಿ ಕಟ್ಟಿಹಾಕಿರುವ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧಗಳೆಂದು ಸ್ಪಷ್ಟವಾಗಿ ಬರೆದಿದೆ. ಈ ಕಾಯಿದೆ ಬಂದು ಅರವತ್ತು ವರ್ಷ ಮೀರಿದರೂ ನಮ್ಮಲ್ಲಿ ಅದನ್ನು ಬಲ್ಲವರು ವಿರಳ.

ನಮ್ಮ ಯಜಮಾನರಿಗೆ ಈ ಲೆಕ್ಕಗಳನ್ನೆಲ್ಲ ಒಂದು ಭಾನುವಾರ ಹೇಳಿದೆ. ಮರುದಿನವೇ ಅವರು ಹನ್ನೆರಡಡಿಯ ಹೊಸ ಸರಪಳಿಯನ್ನು ತಂದು ಹಾಕಿ, "ತ್ರಿಜ್ಯ ಎರಡರಷ್ಟಾದರೆ ಕ್ಷೇತ್ರ ನಾಲ್ಕರಷ್ಟಲ್ಲವೇ ಮೇಷ್ಟ್ರೇ?" ಎಂದು ನನ್ನನ್ನೇ ಕೇಳಿದರು. ಗಣಿತದಲ್ಲಿ ತಪ್ಪಿರಲಿಲ್ಲ, ನಾನು ಸುಮ್ಮನಾದೆ. ಆದರೆ ಪಿ.ಯು.ಸಿ. ಮೊದಲ ವರ್ಷದಲ್ಲಿರುವ ಅವರ ಮಗ ಮಾತನ್ನು ಬೇರೆ ಬಗೆಯಲ್ಲಿ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. ಈಗ ಬೆಳಗಿನ ಐದೂವರೆಗೆ ಅವನು ನಾಯಿಯೊಡನೆ ನಮ್ಮ ಮನೆಯ ಮುಂದೆ ಹೋಗುತ್ತಾನೆ. ಮೊದಲ ವಾರ ನಾಯಿಯೇ ಅವನನ್ನು ಎಳೆದುಕೊಂಡು ಹೋಗುತ್ತಿದ್ದಿತು. ಮೊನ್ನೆ ಅದು ಗೇಟಿನ ಬಳಿ ನಿಂತು, ನನ್ನನ್ನು ಒಮ್ಮೆ ನೋಡಿ, ಬೊಗಳದೆ ಮುಂದಕ್ಕೆ ಹೋಯಿತು. ಗ್ಯಾಸ್ ಸಿಲಿಂಡರು ತರುವವನಿಗೆ ಮಾತ್ರ ಇನ್ನೂ ಬೊಗಳುತ್ತದೆಯಂತೆ.